ಎಡಚನ ಹಾದಿ ಕಾಯ್ದ ಸಂಜೆ

ಪುಣೆಯ ವಾಕಡದ ನಮ್ಮ ಬಿಲ್ಡಿಂಗಿನ ಹಿಂದಿನ ಓಣಿಯಲ್ಲಿ ಒಂದು ರದ್ದಿ ಅಂಗಡಿಯಿದೆ. ಈಗ ಅಲ್ಲಿಗೆ ಬರುವುದು ಹೆಚ್ಚಾಗಿ ಪಾರ್ಸೆಲ್ಲಿನ ರಟ್ಟಿನ ಡಬ್ಬಿಗಳೇ; ಮನೆಗೆ ಪೇಪರು ತರಿಸುವವರಾದರೂ ಎಷ್ಟು ಜನ ಉಳಿದಿದ್ದಾರೆ? ಆದರೂ ಜೂನಿನ ಮೊದಲ ಮಳೆ ಬಿದ್ದ ಮೇಲೆ ಆ ಅಂಗಡಿಯೊಳಗಿನಿಂದ ಹಳೆಯ ಕಾಗದದ, ಶಾಯಿಯ, ಬೂಷ್ಟು ಹಿಡಿದ ಸುತಳಿಯ ವಾಸನೆ ಎದ್ದು ಬರುತ್ತದೆ. ಆ ವಾಸನೆಗೆ ನನ್ನ ಕಿವಿ ಬಿಸಿಯಾಗುತ್ತದೆ. ಬೇರೆಯವರಿಗೆ ಹಳೆಯ ಕಾಗದವೆಂದರೆ ಶಾಲೆಯೋ ಗ್ರಂಥಾಲಯವೋ ನೆನಪಾದೀತು, ನನಗೆ ನೆನಪಾಗುವುದು ನಾಚಿಕೆ. ಅದು ನನ್ನ ಅಪ್ಪನ ನಾಚಿಕೆ, ಆದರೆ ಅವನೊಬ್ಬನದಾಗಿ ಉಳಿಯಲಿಲ್ಲ. ತುಂಬಿದ ಸಭೆಯಲ್ಲಿ ತಂದೆ ತಲೆ ತಗ್ಗಿಸಿದ್ದನ್ನು ಚಿಕ್ಕಂದಿನಲ್ಲಿ ಕಂಡವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಿಲ್ಲ. ಈಗ ಮತ್ತೆ ವಿಶ್ವಕಪ್ಪಿನ ದಿನಗಳು. ಮೊಬೈಲು ತೆರೆದರೆ ಸಾಕು, ಈ ಸಲ ಕಣ್ಣಿಡಬೇಕಾದ ಫುಟ್‌ಬಾಲ್ ಆಟಗಾರರು ಯಾರು ಯಾರು ಎಂದು ಫೋಟೊ ಸಮೇತ ಬಂದು ನಿಲ್ಲುತ್ತಾರೆ. ನಾನು ಬೆರಳಿನಿಂದ ಸರಿಸಿಬಿಡುತ್ತೇನೆ.

ಆಗ ನಾವಿದ್ದದ್ದು ಕೋಥರೂಡದಲ್ಲಿ, ಎರಡನೇ ಮಾಳಿಗೆಯ ಎರಡು ಕೋಣೆಯ ಮನೆಯಲ್ಲಿ. ಅಪ್ಪ, ಅವ್ವ, ನಾನು. ಅವ್ವ ರೊಟ್ಟಿ ಬಡಿಯುವ ಸಪ್ಪಳಕ್ಕೆ ಕೆಳಗಿನ ಮನೆಯ ಮರಾಠಿ ಕಾಕು ಮೊದಲು ಜಗಳಕ್ಕೆ ಬಂದರು, ಆಮೇಲೆ ಅದೇ ಸಪ್ಪಳ ಕೇಳಿ ತಾಟು ಹಿಡಿದು ಊಟಕ್ಕೆ ಬರತೊಡಗಿದರು. ಮನೆಯ ತುಂಬ ಹುರಿದ ಶೇಂಗಾದ ಕಂಪು, ಗ್ಯಾಲರಿಯಲ್ಲಿ ಎಂದೂ ಪೂರ್ತಿ ಒಣಗದ ಬಟ್ಟೆ. ಅಪ್ಪ ಸ್ವಾರಗೇಟ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಪಾರ್ಸೆಲ್ ಆಫೀಸಿನಲ್ಲಿ ಕಾರಕೂನ. ಹುಬ್ಬಳ್ಳಿ, ಬಿಜಾಪುರದ ಕಡೆಗೆ ಹೋಗುವ ಗಂಟುಗಳಿಗೆ ದಿನವಿಡೀ ಚೀಟಿ ಬರೆಯುವುದು ಅವನ ಕೆಲಸ. ಆಫೀಸಿಗೆ ಅಂಟಿಕೊಂಡೇ ಒಂದು ರದ್ದಿ ಅಂಗಡಿಯಿತ್ತು. ದೊಡ್ಡವರ ಬಂಗಲೆಗಳಿಂದ, ಪುಸ್ತಕದ ಅಂಗಡಿಗಳಿಂದ ಅಲ್ಲಿಗೆ ಬರುತ್ತಿದ್ದ ವಿದೇಶಿ ಕ್ರೀಡಾ ಪತ್ರಿಕೆಗಳನ್ನು ಅಪ್ಪ ತೂಕದ ಮೇಲೆ ಕೊಂಡು ತರುತ್ತಿದ್ದ. ರಾತ್ರಿಯ ಊಟಕ್ಕೆ ಮೊದಲು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ತೊಡೆಯ ಮೇಲೆ ಇಂಗ್ಲಿಷ್ ನಿಘಂಟು ಇಟ್ಟುಕೊಂಡು, ಪುಟ ತಿರುವುತ್ತಿದ್ದ. ಮನೆಯ ಟಿವಿಯಲ್ಲಿ ಆಟದ ಚಾನೆಲ್ ಬರುತ್ತಿರಲಿಲ್ಲ. ಅದಕ್ಕೆ ಬೇರೆ ದುಡ್ಡು ಕಟ್ಟಬೇಕೆಂದು ಅವ್ವ ಬೇಡವೆಂದಿದ್ದಳು, ಅಪ್ಪನೂ ಹಟ ಹಿಡಿದಿರಲಿಲ್ಲ. ಬೆಟಗೇರಿಯ ಬಯಲಿನಲ್ಲಿ ಬರಿಗಾಲಲ್ಲಿ ಚೆಂಡು ಒದ್ದು ಬೆಳೆದ ಆ ಮನುಷ್ಯ ಜಗತ್ತಿನ ದೊಡ್ಡ ಆಟಗಾರರನ್ನೆಲ್ಲ ಕಂಡದ್ದು ಹೀಗೆ, ಓದಿ.

ಆದರೆ ಅವನು ಬರೆದದ್ದನ್ನು ಓದಿದವರಿಗೆ ಇವನು ಆಟವನ್ನು ಕಣ್ಣಾರೆ ಕಂಡವನಲ್ಲ ಎಂಬ ಅನುಮಾನ ಬರುತ್ತಿರಲಿಲ್ಲ. ಪುಣೆಯಲ್ಲಿದ್ದ ನಮ್ಮ ಕಡೆಯ ಕನ್ನಡಿಗರು ಕೂಡಿ ಒಂದು ಸಣ್ಣ ಸಂಘ ಕಟ್ಟಿಕೊಂಡಿದ್ದರು. ಅರಿವೆ ಅಂಗಡಿಯ ಹಿರೇಮಠ ಕಾಕಾ ಅದರ ಕಾರ್ಯದರ್ಶಿ. ಸಂಘ ಸಭೆಗೆಂದು ಬಾಡಿಗೆ ಹಿಡಿದ ಹಾಲಿನ ಗೋಡೆಯ ಮೇಲೆ ತಿಂಗಳಿಗೊಮ್ಮೆ ಕೈಬರಹದ ಗೋಡೆ ಪತ್ರಿಕೆ ಅಂಟುತ್ತಿತ್ತು. ವಿಶ್ವಕಪ್ಪು ಬಂತೆಂದರೆ ಅದರ ಮುಖ್ಯ ಬರಹ ಅಪ್ಪನದೇ. ದುಂಡಗಿನ ಅಕ್ಷರ, ನಡುನಡುವೆ ಕೆಂಪು ಶಾಯಿ. ಒಬ್ಬ ಗೋಲ್‌ಕೀಪರನ ಬಗ್ಗೆ, ಬಾಗಿಲಿಗೆ ಅಗಳಿ ಹಾಕಿದ ಮೇಲೂ ಎದ್ದು ಹೋಗಿ ಮತ್ತೊಮ್ಮೆ ಮುಟ್ಟಿ ನೋಡುವ ಮನೆಯ ಹಿರಿಯನಂಥವನು ಎಂದು ಬರೆದಿದ್ದ. ಇನ್ನೊಬ್ಬ ಕಾವಲಿನ ಆಟಗಾರ ಎದುರಾಳಿಯ ಕಾಲನ್ನು ನೋಡುವುದೇ ಇಲ್ಲವಂತೆ, ಸೊಂಟವನ್ನು ನೋಡುತ್ತಾನಂತೆ. ಕಾಲು ಮೋಸ ಮಾಡೀತು, ಸೊಂಟ ಮಾಡುವುದಿಲ್ಲ ಎಂದು ಅಪ್ಪನ ವಿವರಣೆ. ಫುಟ್‌ಬಾಲಿನ ಗಂಧಗಾಳಿ ಇಲ್ಲದ ಹೆಂಗಸರೂ ಗೋಡೆಯ ಮುಂದೆ ನಿಂತು ಕೊನೆಯ ಸಾಲಿನವರೆಗೆ ಓದುತ್ತಿದ್ದರು. ಪಾರ್ಸೆಲ್ ಆಫೀಸಿನಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆದದ್ದು ನಾನು ಕಾಣೆ, ಸಂಘದಲ್ಲಿ ಮಾತ್ರ ಅವನು ‘ಪಾಟೀಲರು’. ನನ್ನ ಅಪ್ಪನಿಗೆ ಈ ಊರಿನಲ್ಲಿ ಇದ್ದ ಮರ್ಯಾದೆಯೆಲ್ಲ ಆ ಗೋಡೆಯ ಮೇಲಿತ್ತು.

ನಾನು ಐದನೇ ಇಯತ್ತೆಯಲ್ಲಿದ್ದ ವರ್ಷದ ವಿಶ್ವಕಪ್ಪಿಗೆ ಅಪ್ಪ ಎಲ್ಲರಿಗಿಂತ ಮೇಲೆ ಕೂಡಿಸಿದ್ದು ಒಬ್ಬ ಎಡಗಾಲಿನ ಆಟಗಾರನನ್ನು. ಅವನ ನಿಜ ಹೆಸರು ಇಲ್ಲಿ ಬೇಡ, ನಮ್ಮ ಮನೆಯಲ್ಲಿ ಅವನು ಎಡಚನೇ. ಚಿಕ್ಕಂದಿನಲ್ಲಿ ಬಲಗಾಲಿಗೆ ಪೆಟ್ಟು ಬಿದ್ದು, ಹಾಸಿಗೆಯಲ್ಲಿ ಮಲಗಿದ್ದು ಎದ್ದವನು, ಎಡಗಾಲಿನಲ್ಲೇ ಎಲ್ಲ ಕಲಿತನಂತೆ. ಚೆಂಡು ಅವನ ಕಾಲಿಗೆ ಬಂದಾಗ ಉಳಿದವರಿಗೆಲ್ಲ ಅವಸರ, ಅವನಿಗೆ ಮಾತ್ರ ಊಟಕ್ಕೆ ಕುಳಿತವನ ಸಮಾಧಾನ. ಆ ಒಂದು ಪ್ಯಾರಾವನ್ನು ಅಪ್ಪ ಹರಿದು ಹರಿದು ಬರೆದ, ನಮಗೆ ಓದಿ ಓದಿ ತೋರಿಸಿದ, ಅವ್ವ ಲಟ್ಟಣಿಗೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ಕೇಳಿದಳು. ಅದೆಲ್ಲ ಬಂದದ್ದು ಮೇಲ್ಪುಟವಿಲ್ಲದ ಒಂದು ಪತ್ರಿಕೆಯಿಂದ. ಮಾರಾಟವಾಗದೆ ಉಳಿದ ಪತ್ರಿಕೆಗಳ ಮೇಲ್ಪುಟವನ್ನು ಅಂಗಡಿಯವರು ಹರಿದು ವಾಪಸು ಕಳಿಸಿ, ಒಳಗಿನದನ್ನು ರದ್ದಿಗೆ ಹಾಕುತ್ತಾರೆ. ತಾರೀಖು ಇರುವುದು ಮೇಲ್ಪುಟದ ಮೇಲೆ. ಪುಟಗಳು ಹೊಳೆಯುತ್ತಿದ್ದವು, ಯಾರೂ ತಿರುವಿದಂತಿರಲಿಲ್ಲ, ಹೊಸದೇ ಇರಬೇಕೆಂದು ಅಪ್ಪ ತಿಳಿದ. ಆಫೀಸಿನ ಮರಾಠಿ ಪೇಪರಿನಲ್ಲಿ ಕ್ರಿಕೆಟ್ಟಿನ ಸುದ್ದಿ ಮುಗಿದು ಉಳಿದ ಜಾಗ ಅಂಗೈಯಷ್ಟು. ಅಲ್ಲಿ ಎಡಚನ ಹೆಸರಿಲ್ಲದ್ದು ಅಪ್ಪನಿಗೆ ವಿಶೇಷವೆನಿಸಲಿಲ್ಲ.

ಎಡಚನ ತಂಡದ ಮೊದಲ ಆಟದ ದಿನ ಹಿರೇಮಠ ಕಾಕಾ ಹಾಲಿನಲ್ಲಿ ದೊಡ್ಡ ಟಿವಿ ತರಿಸಿ ಇಡಿಸಿದ್ದರು. ಪಾಟೀಲರು ಬರೆದಿದ್ದಾರೆ, ಎಲ್ಲರೂ ಕೂಡಿಯೇ ನೋಡೋಣ ಎಂದು ಮನೆಮನೆಗೆ ಫೋನು ಮಾಡಿದ್ದರು. ಹೊರಗೆ ಸಂಜೆಯ ಮಳೆ, ಬಾಗಿಲ ಬಳಿ ಚಪ್ಪಲಿಗಳ ರಾಶಿ, ಚುರುಮುರಿಗೆ ಹಚ್ಚಿದ ಉಳ್ಳಾಗಡ್ಡಿಯ ವಾಸನೆ. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮೊದಲ ಸಾಲಿನ ಕುರ್ಚಿಯಲ್ಲಿ ಕುಳಿತಿದ್ದ, ನಾನು ಅವನ ಕಾಲ ಬಳಿ ಜಮಖಾನೆಯ ಮೇಲೆ. ಆಟಗಾರರು ಸಾಲಾಗಿ ಬಂದರು. ಅಪ್ಪ ಮುಂದಕ್ಕೆ ಬಾಗಿ ಒಬ್ಬೊಬ್ಬರ ಮುಖವನ್ನೂ ಹುಡುಕಿದ. ‘ಎಲ್ಲೆ ಅದಾನ್ರಿ ಪಾಟೀಲರ ನಿಮ್ಮಾಂವ?’ ಎಂದು ಹಿರೇಮಠ ಕಾಕಾ ಕೇಳಿದರು. ‘ಬರತಾನ್ರಿ. ಅಂಥಾವರನ್ನ ಮೊದಲ ಇಳಸೂದಿಲ್ಲ, ಕಾದಿಟ್ಟಿರತಾರ’ ಎಂದ ಅಪ್ಪ. ಎಲ್ಲರೂ ಒಪ್ಪಿದರು. ಅರ್ಧ ಆಟ ಮುಗಿಯಿತು, ಚಹಾ ಬಂತು, ಮತ್ತೆ ಆಟ ಶುರುವಾಯಿತು. ಯಾರಾದರೂ ಬದಲಿ ಆಟಗಾರ ಅಂಚಿನಲ್ಲಿ ಎದ್ದು ನಿಂತರೆ ಕುಳಿತವರೆಲ್ಲ ‘ಬಂದ, ಬಂದ’ ಎನ್ನುತ್ತಿದ್ದರು. ಆಮೇಲಾಮೇಲೆ ಅದನ್ನು ಅನ್ನುವುದರಲ್ಲೇ ನಗು ಸೇರಿಕೊಂಡಿತು. ಅಪ್ಪನ ಕೈಯಲ್ಲಿದ್ದ ಚಹಾದ ಮೇಲೆ ಕೆನೆ ಕಟ್ಟಿತ್ತು.

ಹಿಂಜವಡಿಯ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದ ಮೈಸೂರಿನ ಕಡೆಯ ತರುಣನೊಬ್ಬ ಅಂದು ಮೊದಲ ಸಲ ಸಂಘಕ್ಕೆ ಬಂದಿದ್ದ. ಗೋಡೆಯ ಬರಹವನ್ನು ಬಹಳ ಹೊತ್ತು ನಿಂತು ಓದಿದವನು ಅವನು. ಪಾಪ, ಅವನ ಮನಸ್ಸಿನಲ್ಲಿ ಏನೂ ಕೆಟ್ಟದ್ದಿರಲಿಲ್ಲ. ಅಪ್ಪನ ಕುರ್ಚಿಯ ಬಳಿ ಬಗ್ಗಿ ಮೆಲ್ಲಗೇ ಹೇಳಿದ, ‘ಸರ್, ತುಂಬಾ ಚೆನ್ನಾಗಿ ಬರ್ದಿದ್ದೀರ. ಆದ್ರೆ ಅವ್ರು ರಿಟೈರ್ ಆಗಿ ಹೋದ್ರಲ್ಲ ಸರ್. ಹೋದ ವರ್ಲ್ಡ್ ಕಪ್ ಆದ್ಮೇಲೆ ಆಡೇ ಇಲ್ಲ ಅವ್ರು.’ ಮೆಲ್ಲಗೆ ಹೇಳಿದ್ದು ಹಿಂದಿನ ಸಾಲಿಗೆ ಕೇಳಿತು, ಅಲ್ಲಿಂದ ಕೊನೆಯ ಸಾಲಿಗೆ ಹೋಯಿತು. ಯಾರೋ ತಡೆಯಲಾರದೆ ನಕ್ಕರು, ನಂತರ ಎಲ್ಲರೂ ನಕ್ಕರು. ಅದು ದುಷ್ಟ ನಗುವಲ್ಲ, ಮನೆಯವರು ಮನೆಯವರನ್ನು ನೋಡಿ ನಗುವಂಥದ್ದು. ಅಪ್ಪನೂ ನಗಲು ನೋಡಿದ. ತುಟಿಗಳು ಅಗಲವಾದವು, ಮುಖ ಜೊತೆಗೂಡಲಿಲ್ಲ. ಕೊರಳಿನಿಂದ ಕಿವಿಯವರೆಗೆ ರಕ್ತ ಏರಿದ್ದನ್ನು ನಾನು ಕೆಳಗಿನಿಂದ ನೋಡಿದೆ, ನನ್ನ ಕಿವಿಯೂ ಹಾಗೆಯೇ ಸುಡತೊಡಗಿತು. ಭೂಮಿ ಬಾಯಿ ಬಿಟ್ಟರೆ ಇಬ್ಬರನ್ನೂ ನುಂಗಲಿ ಎನಿಸಿತು. ಅಪ್ಪ ಆಟ ಮುಗಿಯುವವರೆಗೂ ಎದ್ದುಹೋಗಲಿಲ್ಲ. ಆ ಬಿಳಿ ಅಂಗಿಯ ಬೆನ್ನು ಒದ್ದೆಯಾಗಿತ್ತು.

ಮರುದಿನ ಅವನು ಹಾಲಿಗೆ ಹೋಗಿ ಬರಹವನ್ನು ಬಿಚ್ಚಿಕೊಂಡು ಬಂದ. ಅಷ್ಟಕ್ಕೆ ಬಿಟ್ಟಿದ್ದರೆ ಜನ ಮರೆಯುತ್ತಿದ್ದರೇನೋ. ಆದರೆ ಮುಂದಿನ ರವಿವಾರ ಅದೇ ಅಂಗಿ ಹಾಕಿಕೊಂಡು, ಓದಿದವರ ಮನೆಮನೆಗೆ ಹೋಗಿ ತಪ್ಪಾಯಿತೆಂದು ಹೇಳಿ ಬರುತ್ತೇನೆಂದು ಹೊರಟ. ‘ಯಾರ ಕೇಳ್ಯಾರ್ರಿ ನಿಮ್ಮನ್ನ? ನಕ್ಕು ಬಿಟ್ಟಾರ, ಮುಗೀತು’ ಎಂದಳು ಅವ್ವ. ‘ನಕ್ಕಿದ್ದು ಅವರ ದೊಡ್ಡಸ್ತಿಕಿ. ನಾ ನೋಡಲಾರದ್ದನ್ನ ನೋಡಿದಂಗ ಬರದೀನಿ, ಹೇಳಿ ಬರಬೇಕು’ ಎಂದ ಅಪ್ಪ. ನನ್ನನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡ. ಮಗು ಜೊತೆಗಿದ್ದರೆ ಜನ ಮೆತ್ತಗೆ ಮಾತಾಡುತ್ತಾರೆಂದು ಅವನು ನೆನೆಸಿದ್ದನೋ ಏನೋ. ಜನ ಮೆತ್ತಗೆಯೇ ಮಾತಾಡಿದರು, ಅದೇ ತಾಳಲಾಗಲಿಲ್ಲ. ಪ್ರತಿ ಮನೆಯಲ್ಲೂ ಕುರ್ಚಿಯ ತುದಿಯಲ್ಲಿ ಕುಳಿತು ಅಪ್ಪ ಅದೇ ಮಾತನ್ನು ಒಪ್ಪಿಸುತ್ತಿದ್ದ, ಅವರು ‘ಅಯ್ಯ, ಬಿಡ್ರಿ ಪಾಟೀಲರ, ಅದೇನ ಮಹಾ’ ಎಂದು ಅವಲಕ್ಕಿ ಚೂಡಾದ ಬಶಿ ಮುಂದಿಡುತ್ತಿದ್ದರು, ನಾವು ಮೆಟ್ಟಿಲು ಇಳಿಯುವಾಗ ಒಳಗೆ ನಗು ಕೇಳುತ್ತಿತ್ತು. ಅಂದಿನಿಂದ ಅವನು ಗೋಡೆ ಪತ್ರಿಕೆಗೆ ಏನನ್ನೂ ಬರೆಯಲಿಲ್ಲ. ಮುಂದಿನ ವಿಶ್ವಕಪ್ಪಿಗೆ ಹಿರೇಮಠ ಕಾಕಾ ಹಾಳೆ, ಕೆಂಪು ಶಾಯಿ ತೆಗೆದುಕೊಂಡು ತಾವೇ ಮನೆಗೆ ಬಂದರು. ‘ನನಗ ಆಟ ತಿಳಿಯೂದಿಲ್ರಿ’ ಎಂದು ಅಪ್ಪ ಕೈಮುಗಿದ. ಟಿವಿಯಲ್ಲಿ ಚೆಂಡು ಕಂಡರೆ ಎದ್ದು ಗ್ಯಾಲರಿಗೆ ಹೋಗಿ, ಒಣಗದ ಬಟ್ಟೆಗಳನ್ನು ತಿರುವಿ ಹಾಕುತ್ತ ನಿಲ್ಲುತ್ತಿದ್ದ.

ಆ ಗ್ಯಾಲರಿ ಈಗಿಲ್ಲ. ನಾವಿದ್ದ ವಸತಿ ಸೊಸಾಯಿಟಿಯನ್ನು ಕೆಡವಿ ಗಾಜಿನ ಮೈಯ ಎತ್ತರದ ಕಟ್ಟಡ ಎಬ್ಬಿಸಿದ್ದಾರೆ. ಕೆಳಗಿನ ಕಾಕು ಮಗಳ ಊರಿಗೆ ಹೋದರು, ಅವ್ವ ಹೋದಳು, ಅವಳ ಹಿಂದೆ ಅಪ್ಪನೂ. ಅಪ್ಪನ ಹದಿಮೂರನೇ ದಿನದ ಊಟಕ್ಕೆ ಸಂಘದ ಹಳಬರು ಬಂದಿದ್ದರು. ಹಿರೇಮಠ ಕಾಕಾ ಎಲೆಯ ಮುಂದೆ ಕುಳಿತು, ಆಟ ಬಿಟ್ಟವನನ್ನು ವಿಶ್ವಕಪ್ಪಿನಲ್ಲಿ ಆಡಿಸಿದ ಕಥೆಯನ್ನು ಹೊಸಬರಿಗೆ ಹೇಳಿದರು. ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು, ಅಪ್ಪನ ಮೇಲೆ ಅವರಿಗೆ ನಿಜವಾದ ಪ್ರೀತಿ ಇತ್ತು. ಸಾಲಿನವರೆಲ್ಲ ನಕ್ಕರು. ಪಾಯಸದ ಪಾತ್ರೆ ಹಿಡಿದು ನಿಂತಿದ್ದ ನನಗೆ, ಇಷ್ಟು ವರ್ಷ ಬಾಳಿದ ಮನುಷ್ಯನಿಂದ ಇಷ್ಟೇ ಉಳಿಯಿತಲ್ಲ ಎಂದು ನಾಚಿಕೆಯಾಯಿತು. ಯಾರ ಪರವಾಗಿ ನಾಚಿದೆನೆಂದು ನನಗೇ ತಿಳಿಯಲಿಲ್ಲ. ಕಾಕಾ ಹೇಳದೆ ಬಿಟ್ಟದ್ದು ಒಂದಿತ್ತು. ಅದು ಅವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದವಳು ನಾನೊಬ್ಬಳೇ.

ಆ ರವಿವಾರದ ಕೊನೆಯ ಮನೆ ಶಾಂತಾಬಾಯಿ ಅಜ್ಜಿಯದು. ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡು ಹಾಸಿಗೆ ಹಿಡಿದಿದ್ದ ಮುದುಕಿ. ಅವಳ ಸೊಸೆ ಅಪ್ಪನ ಬರಹವನ್ನು ಹಾಲಿನಲ್ಲಿ ನಿಂತು ನಕಲು ಮಾಡಿಕೊಂಡು ಬಂದು ಓದಿ ಹೇಳಿದ್ದಳಂತೆ. ಅಪ್ಪ ಬಾಯಿ ತೆರೆಯುವ ಮೊದಲೇ ಅಜ್ಜಿ ಕೇಳಿದಳು, ‘ಆ ಕಾಲ ಪೆಟ್ಟಾದ ಹುಡುಗಾ ಆಡಿದ್ನೇನಪಾ? ಅವತ್ತಿನಿಂದ ಅವಂದ ನೆನಪ ಮಾಡ್ತೀನಿ ನಾ.’ ಹೂಂ ಅಂದುಬಿಡು ಅಪ್ಪಾ ಎಂದು ನಾನು ಒಳಗೇ ಬೇಡಿಕೊಂಡೆ. ಅಪ್ಪ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತು ಹೇಳಿದ, ‘ಆಡಲಿಲ್ರಿ ಅಮ್ಮಾ. ಅಂವ ಆಟಾ ಬಿಟ್ಟು ಭಾಳ ದಿನಾ ಆಗೇದ. ನಾ ತಿಳೀಲಾರದ ಬರದೆ.’ ಅಜ್ಜಿ ನಗಲಿಲ್ಲ. ಬಿಡ್ರಿ ಅನ್ನಲೂ ಇಲ್ಲ. ‘ಯಾಕ ಬಿಟ್ಟಾ? ಕಾಲ ಮತ್ತ ತ್ರಾಸ ಕೊಡ್ತೇನ? ಎಲ್ಲೆ ಅದಾನೀಗ?’ ಎಂದಳು. ‘ಗೊತ್ತಿಲ್ರಿ’ ಎಂದ ಅಪ್ಪ. ಆ ದಿನ ಎಲ್ಲ ಮನೆಗಳಲ್ಲಿ ಆಡಿದ ಮಾತಿಗಿಂತ ಆ ಒಂದು ಮಾತು ಸಣ್ಣದಾಗಿ ಬಂತು. ‘ಎಲ್ಲೇ ಇರಲಿ, ಕಾಲ ನೋಯದಂಗ ಇರಲಿ’ ಎಂದು ಅಜ್ಜಿ ಕಣ್ಣು ಮುಚ್ಚಿದಳು.

ಕೆಳಗೆ ಬಂದು ಅಪ್ಪ ಸ್ಕೂಟರಿನ ಹ್ಯಾಂಡಲ್ ಹಿಡಿದು ನಿಂತ, ಕಿಕ್ ಹೊಡೆಯಲಿಲ್ಲ. ಅವನ ಮುಖ ಆಟದ ಸಂಜೆ ಕಂಡದ್ದಕ್ಕಿಂತ ಹೆಚ್ಚು ಕೆಂಪಾಗಿತ್ತು. ‘ಅವನ ಬಗ್ಗೆ ಅಷ್ಟೆಲ್ಲಾ ಬರದೆ, ಅಂವ ಆಡೂದಿಲ್ಲಂತನೂ ತಿಳೀತು,’ ಎಂದ ನನ್ನ ಕಡೆ ನೋಡದೆ, ‘ಈಗ ಹೆಂಗ ಅದಾನೋ ಅಂತ ನನಗ ಒಮ್ಮಿನೂ ಅನಸಲಿಲ್ಲ ನೋಡವಾ.’