ಒಳಗೆ ಯಾವುದು, ಹೊರಗೆ ಯಾವುದು

ಜಪಾನಿನ ಹಮಾಮತ್ಸುವಿನ ಆ ಕಂಪನಿಯಲ್ಲಿ ಎಲ್ಲರೂ ಅವಳನ್ನು ಗೌರವದ ‘ಸಾನ್’ ಸೇರಿಸಿ ಚಾಮು-ಸಾನ್ ಎಂದೇ ಕರೆಯುತ್ತಿದ್ದರು. ಚಾಮುಂಡೇಶ್ವರಿ ಎಂಬ ಪೂರ್ತಿ ಹೆಸರಿಗೆ ಅಲ್ಲಿ ಯಾವ ಜಪಾನಿಯ ನಾಲಿಗೆಯೂ ಹೊರಳುತ್ತಿರಲಿಲ್ಲ. ಮೈಸೂರಿನಲ್ಲಿ ಓದಿದವಳು ಮದುವೆಯ ಮಾತನ್ನು ಬದಿಗಿಟ್ಟು ಇಲ್ಲಿಗೆ ಬಂದು ಆರು ವರ್ಷವಾಗಿತ್ತು. ಬೈಕಿನ ಬಿಡಿಭಾಗ ತಯಾರಿಸುವ ಸಣ್ಣಪುಟ್ಟ ವರ್ಕ್‌ಶಾಪುಗಳಿಗೆ ಕಂಪನಿ ರೋಬೋ ಕೈಗಳನ್ನು ಮಾಡಿಕೊಡುತ್ತಿತ್ತು. ಆ ಕೈಗಳನ್ನು ಆಡಿಸುವ ಸಾಫ್ಟ್‌ವೇರ್ ಅವಳ ತಂಡದ್ದು.

ಹೊಸ ಆವೃತ್ತಿ ಹೊರಬರುವ ಹೊತ್ತಿಗೆ ಜಟಾಪಟಿ ಶುರುವಾಯಿತು. ಹಳೆಯ ಯಂತ್ರಗಳ ಮೆಮೊರಿ ಚಿಕ್ಕದು. ಸಿಕ್ಕಿದ್ದನ್ನೆಲ್ಲ ತುರುಕಿದರೆ ಅವು ಏದುಸಿರು ಬಿಡುತ್ತಿದ್ದವು. ತೀರಾ ಅಗತ್ಯವಾದದ್ದು ಮಾತ್ರ ಮೂಲದಲ್ಲೇ ಇರಲಿ, ಉಳಿದದ್ದನ್ನು ಬೇಕಾದವರು ಪ್ಲಗಿನ್ ಆಗಿ ಹಾಕಿಕೊಳ್ಳಲಿ ಎಂದು ಮುಖ್ಯಸ್ಥ ಓಇಶಿ-ಸಾನ್ ತೀರ್ಮಾನಿಸಿದರು. ಹೊರಗೆ ಹೋಗಬೇಕಾದವುಗಳಲ್ಲಿ ಒಂದನ್ನು ಅವಳು ಒಪ್ಪಲಿಲ್ಲ. ಕರೆಂಟು ಹೋಗಿಬಂದಾಗ ‘ಹತ್ತಿರ ಯಾರೂ ಇಲ್ಲ ತಾನೇ?’ ಎಂದು ಕೇಳಿ, ಗುಂಡಿ ಒತ್ತಿದ ಮೇಲಷ್ಟೇ ಕೈಯನ್ನು ಅಲುಗಿಸುವ ವ್ಯವಸ್ಥೆ ಅದು.

“ಇದು ಒಳಗೇ ಇರಬೇಕು,” ಎಂದಳು ಮೀಟಿಂಗಿನಲ್ಲಿ.

ಓಇಶಿ-ಸಾನ್ ಒಪ್ಪಿಗೆಯಿಲ್ಲವೆಂಬಂತೆ ಹಲ್ಲುಗಳ ಸಂದಿನಿಂದ ಉಸಿರೆಳೆದುಕೊಂಡರು. “ಕರೆಂಟು ಪೂರ್ತಿ ಹೋದರೆ ಯಂತ್ರ ತಾನಾಗಿಯೇ ನಿಂತು, ಮತ್ತೆ ಚಾಲೂ ಮಾಡುವವರೆಗೆ ಅಲುಗುವುದಿಲ್ಲ. ಇದು ಬೇಕಾಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು ಹೋಗಿಬಂದಾಗ ಮಾತ್ರ. ಪ್ರತಿಸಲ ಗುಂಡಿ ಒತ್ತಬೇಕೆಂದರೆ ಗಿರಾಕಿಗಳು ಗೊಣಗುತ್ತಾರೆ. ಬೇಕಾದವರು ಹಾಕಿಕೊಳ್ಳಲಿ.”

“ಬೇಕು ಅಂತ ಅವರಿಗೆ ಗೊತ್ತಾಗುವುದು ಯಾವಾಗ?”

ಓಇಶಿ-ಸಾನ್ ಪಟ್ಟಿಯ ಮುಂದಿನ ಅಂಶಕ್ಕೆ ಹೋದರು. ಹೊರಗೆ ಬಂದ ಮೇಲೆ ಕನ್ನಡಿಗ ಸಹೋದ್ಯೋಗಿ ಪ್ರವೀಣ ತಗ್ಗಿದ ದನಿಯಲ್ಲಿ ಹೇಳಿದ: “ಬಿಟ್ಬಿಡು ಚಾಮು. ರಿಲೀಸ್ ಲೇಟ್ ಆದ್ರೆ ಎಲ್ಲಾ ನಿನ್ ತಲೆ ಮೇಲೇ ಬರುತ್ತೆ.”

ಮುಂದಿನ ವಾರ ಇಬ್ಬರೂ ಹೊಸ ಆವೃತ್ತಿಯನ್ನು ಪ್ರಯೋಗಕ್ಕೆಂದು ತೆರಾದಾ-ಸಾನ್ ಎಂಬಾಕೆಯ ವರ್ಕ್‌ಶಾಪಿಗೆ ಕೊಂಡೊಯ್ದರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಅದನ್ನು ನಡೆಸುತ್ತಿದ್ದ, ಅರವತ್ತು ದಾಟಿದ ಹೆಂಗಸು. ರೋಬೋ ಕೈ ಬಿಡಿಭಾಗಗಳನ್ನು ಎತ್ತಿ ಎತ್ತಿ ಇಡುತ್ತಿದ್ದಾಗ ನೆಲ ಒಮ್ಮೆ ಮೆಲ್ಲಗೆ ತೂಗಿತು. ಅಷ್ಟು ಚಿಕ್ಕ ಭೂಕಂಪನಕ್ಕೆ ಅಲ್ಲಿ ಯಾರೂ ತಲೆ ಎತ್ತುವುದಿಲ್ಲ. ದೀಪ ಮಿಣುಕಿತು. ರೋಬೋ ಕೈ ನಡುದಾರಿಯಲ್ಲೇ ನಿಂತಿತು. ಜಾರಿದ ಬಿಡಿಭಾಗವನ್ನು ಸರಿಪಡಿಸಲು ತೆರಾದಾ-ಸಾನ್ ಒಳಗೆ ಕೈಹಾಕಿದರು.

ಯಂತ್ರದ ಪರದೆ ಮತ್ತೆ ಬೆಳಗಿತು. ಅದು ಏನನ್ನೂ ಕೇಳುವುದಿಲ್ಲವೆಂದು ಚಾಮುಂಡೇಶ್ವರಿಗೆ ಗೊತ್ತಿತ್ತು.

“ಕೈ ತೆಗೀರಿ!” ಎಂದು ಕಿರುಚಿದಳು, ಕನ್ನಡದಲ್ಲೇ. ಜಪಾನಿ ನಾಲಿಗೆಗೆ ಬರಲೇ ಇಲ್ಲ. ಯಂತ್ರ ನಿಲ್ಲಿಸುವ ಕೆಂಪು ಗುಂಡಿಯ ಮೇಲೆ ಮೈಯೆಲ್ಲ ಹಾಕಿ ಬಿದ್ದಳು. ಅಷ್ಟರಲ್ಲಿ ಯಂತ್ರ ತೆರಾದಾ-ಸಾನ್ ತೋಳನ್ನು ಅಂಗಿಯ ಸಮೇತ ಕಚ್ಚಿಕೊಂಡು ಎಳೆದಿತ್ತು. ಆಕೆಯ ಭುಜ ಕಬ್ಬಿಣದ ಕಂಬಿಗೆ ಒತ್ತಿಕೊಂಡು ನಿಂತಿತ್ತು. ಪ್ರವೀಣ ತೋಳನ್ನು ಬಿಡಿಸಿದ. ಮೂಳೆ ಮುರಿದಿರಲಿಲ್ಲ. ಮೊಣಕೈ ಊದಿ ನೀಲಿಗಟ್ಟುತ್ತಿತ್ತು.

“ಸುಮಿಮಾಸೆನ್, ಕ್ಷಮಿಸಿ,” ಎಂದು ತೆರಾದಾ-ಸಾನ್ ನೋವಿನಲ್ಲೇ ತಲೆ ಬಾಗಿಸಿದರು. “ತಪ್ಪು ನನ್ನದೇ.”

ಆ ಕ್ಷಮೆಯಾಚನೆ ಚಾಮುಂಡೇಶ್ವರಿಗೆ ಹೊಡೆತಕ್ಕಿಂತ ಹೆಚ್ಚಾಗಿ ತಾಗಿತು.

ಸುದ್ದಿ ಕೇಳಿದ ಓಇಶಿ-ಸಾನ್ ಮೊದಲು ಹೋಗಿ ತೆರಾದಾ-ಸಾನ್ ಎದುರು ಸೊಂಟ ಬಾಗಿಸಿ ಕ್ಷಮೆ ಕೇಳಿ ಬಂದರು, ಆಮೇಲೆ ಮೀಟಿಂಗ್ ಕರೆದರು. “ಆ ವ್ಯವಸ್ಥೆಯನ್ನು ಒಳಗೆ ಸೇರಿಸೋಣ. ಆದರೆ ಜಾಗ? ಯಾವುದನ್ನು ತೆಗೆಯುವುದು?”

ಹೆಚ್ಚು ಜಾಗ ತಿನ್ನುತ್ತಿದ್ದದ್ದು ಯಾವುದೆಂದು ಎಲ್ಲರಿಗೂ ಗೊತ್ತಿತ್ತು: ಯಂತ್ರದ ಚಲನೆಯನ್ನೆಲ್ಲ ಬಣ್ಣದ ಗೆರೆಗಳಲ್ಲಿ ತೋರಿಸುವ, ಸಾಫ್ಟ್‌ವೇರಿನೊಳಗಿನ ಪರದೆ. ಚಾಮುಂಡೇಶ್ವರಿ ಹಬ್ಬ ಹುಣ್ಣಿಮೆ ಮರೆತು ಕಟ್ಟಿದ್ದು ಅದು. ಗಿರಾಕಿಗಳು ಮೆಚ್ಚಿದ್ದರು, ಕಂಪನಿಯಲ್ಲಿ ಅವಳಿಗೆ ಹೆಸರು ಬಂದದ್ದೂ ಅದರಿಂದಲೇ. ಬೇರೆ ಯಾರಾದರೂ ತಮ್ಮದನ್ನು ಬಿಟ್ಟುಕೊಟ್ಟಾರೇನೋ ಎಂದು ಅವಳು ಕಾದಳು.

“ನನ್ನ ಪರದೆ ಹೊರಗೆ ಹೋಗಲಿ,” ಎಂದಳು ಕೊನೆಗೆ.

ರಿಲೀಸ್ ತಡವಾಯಿತು. ಪ್ರತಿಸಲ ಗುಂಡಿ ಒತ್ತಬೇಕೆಂದು ಓಇಶಿ-ಸಾನ್ ಹೇಳಿದಂತೆಯೇ ಗಿರಾಕಿಗಳು ಗೊಣಗಿದರು. ಆ ಫೋನುಗಳನ್ನೆಲ್ಲ ಅವಳೇ ಎತ್ತಿಕೊಂಡು ತಾಳ್ಮೆಯಿಂದ ಕಾರಣ ವಿವರಿಸಿದಳು. ಅವಳ ಪರದೆಯನ್ನು ಹುಡುಕಿ ಹಾಕಿಕೊಂಡವರು ಬೆರಳೆಣಿಕೆಯಷ್ಟು ಮಂದಿ.

“ಬೇಜಾರಾಗ್ಲಿಲ್ವಾ?” ಎಂದು ಪ್ರವೀಣ ಒಂದು ದಿನ ಕೇಳಿದ.

“ಆಯ್ತು ಕಣೋ. ಆಗ್ದೇ ಇರುತ್ತಾ?” ಎಂದವಳೇ ಮತ್ತೆ ರಿಂಗಾಗುತ್ತಿದ್ದ ಫೋನಿನ ಕಡೆ ತಿರುಗಿದಳು.