ಲಿಖಿತಳಿಗಾಗಿ ಹಾಕದ ಕೇಸು

ಮೂರು ವರ್ಷದ ಹಿಂದಿನ ಮಾತು. ಶಾಲೆಗೆ ಬೇಸಿಗೆ ರಜೆ ಶುರುವಾದ ವಾರ. ನನ್ನ ತಂಗಿಯ ಗಂಡ ಮಹೇಶ ಚಂದಕವಾಡಿಯಿಂದ ತೆರಕಣಾಂಬಿಯ ನಮ್ಮ ಮನೆಗೆ ಬಂದ. ಕೊಟ್ಟ ಮಜ್ಜಿಗೆ ಕುಡಿಯದೆ ಕೈಯಲ್ಲೇ ಹಿಡಿದುಕೊಂಡು, "ಅಕ್ಕ, ಮಗೀನ ಕರ್ಕೊಂಡೋಗನ ಅಂತ ಬಂದೆ" ಎಂದ.

ತಂಗಿ ಸವಿತ ತೀರಿಕೊಂಡಾಗ ಅವಳ ಮಗಳು ಲಿಖಿತಳಿಗೆ ಹತ್ತು ತಿಂಗಳು. ಅಂದು ಎತ್ತಿಕೊಂಡು ಬಂದವಳು ನಾನು. ನನಗೆ ಮಕ್ಕಳಿಲ್ಲ. ಆರು ವರ್ಷ ಅವಳು ನನ್ನ ಮಗ್ಗುಲಲ್ಲೇ ಮಲಗಿದ್ದಳು. ಈಗ ಮಹೇಶ ಮತ್ತೆ ಮದುವೆಯಾಗಿದ್ದ. ಒಂದು ವಾರ ಟೈಮ್ ಕೊಡು ಎಂದು ಅವನನ್ನು ಕಳಿಸಿದೆ.

ಪಕ್ಕದ ಮನೆಯ ಗೌರಮ್ಮ ಕೇಳಿ ಸಿಡುಕಿದರು. "ಸಾಕ್ದೋಳು ನೀನು. ಸುಮ್ನೆ ಬುಟ್ಕೊಟ್ಬುಟ್ಟೀಯಾ? ಲಾಯರ್ ಮಡಿಕ, ಕೇಸಾಕು ಕಣಮ್ಮಿ."

ಮಾರನೆಯ ದಿನವೇ ಚಾಮರಾಜನಗರದ ಬಸ್ಸು ಹತ್ತಿದೆ. ಕೋರ್ಟಿನ ಹತ್ತಿರ ಒಬ್ಬ ಲಾಯರಮ್ಮನ ಆಫೀಸು ಸಿಕ್ಕಿತು. ಎಲ್ಲವನ್ನೂ ಕೇಳಿಕೊಂಡು ಅವರು, "ತಂದೆ ಕುಡೀತಾರಾ? ಹೊಡೀತಾರಾ?" ಎಂದರು.

"ಇಲ್ಲ ಮೇಡಂ. ಪ್ರತಿ ಭಾನುವಾರ ಬಂದು ನೋಡ್ಕಂಡೋಗ್ತಿದ್ದ."

"ಹೊಸ ಹೆಂಡತಿ?"

"ಒಂದ್ಸಲ ಬಂದಿದ್ಲು. ಮಗೀಗೆ ಊಟ ತಿನ್ಸುದ್ಲು."

ಹೇಳುತ್ತಾ ಹೇಳುತ್ತಾ ನನಗೇ ನಾಚಿಕೆಯಾಯಿತು. ದೂರಲು ನನ್ನ ಬಳಿ ಒಂದು ಮಾತೂ ಇರಲಿಲ್ಲ.

"ಕೇಸ್ ಹಾಕಬಹುದು, ಗೆಲ್ಲಲೂಬಹುದು" ಎಂದರು ಲಾಯರಮ್ಮ. "ಆದ್ರೆ ಜಡ್ಜು ಮಗುನ ಕರೆಸಿ, ಯಾರ ಹತ್ರ ಇರ್ತೀಯ ಅಂತ ಕೇಳಬಹುದು. ಯೋಚನೆ ಮಾಡಿ ಬನ್ನಿ, ಆಮೇಲೆ ವಕಾಲತ್ತಿಗೆ ಸಹಿ ಹಾಕೋರಂತೆ."

ವಾಪಸು ಬರುವಾಗ ದಾರಿಯುದ್ದಕ್ಕೂ ಅದೇ ಚಿತ್ರ. ಗುರುತಿಲ್ಲದವರ ಎದುರು ಲಿಖಿತ ನಿಂತಿದ್ದಾಳೆ, ಒಮ್ಮೆ ಅಪ್ಪನ ಮುಖ ನೋಡುತ್ತಾಳೆ, ಒಮ್ಮೆ ನನ್ನ ಮುಖ. ಯಾರ ಹೆಸರು ಹೇಳಿದರೂ ಇನ್ನೊಬ್ಬರನ್ನು ಬೇಡ ಅಂದಂತೆ. ಬಸ್ಸಿಳಿದವಳೇ ಮಹೇಶನಿಗೆ ಫೋನ್ ಮಾಡಿದೆ.

"ರಜಕ್ಕೆಲ್ಲ ಕಳಿಸ್ತೀಯಾ?"

ಅವನು ತಕ್ಷಣ ಅಂದ, "ಅವಳ ತವರು ಅದೇ ತಾನೇ ಅಕ್ಕ."

ಅವನು ಬಂದ ದಿನ ಲಿಖಿತ ನನ್ನ ಸೆರಗು ಬಿಡಲಿಲ್ಲ. ಒಂದೊಂದೇ ಬೆರಳು ಬಿಡಿಸಿ ಬಸ್ಸಿಗೆ ಹತ್ತಿಸಿದೆ.

ಮಹೇಶ ಮಾತು ತಪ್ಪಿಲ್ಲ. ಅವಳು ಪ್ರತಿ ರಜೆಗೂ ಬರುತ್ತಾಳೆ, ಚೆನ್ನಾಗಿದ್ದಾಳೆ. ಹೋದ ದಸರಾ ರಜೆಯಲ್ಲಿ ತಲೆ ಬಾಚಿಸಿಕೊಳ್ಳುತ್ತಾ ಇದ್ದಕ್ಕಿದ್ದಂತೆ ಕೇಳಿದಳು: "ದೊಡ್ಡವ್ವ, ನೀನ್ಯಾಕೆ ನನ್ನ ಕಳಿಸ್ಬುಟ್ಟೆ?"

ಜಡೆ ಬಿಚ್ಚಿ ಮತ್ತೆ ಹೆಣೆದೆ.

ಲಾಯರನ್ನು ಇಟ್ಟುಕೊಳ್ಳದಿದ್ದದ್ದು ಸರಿಯೆಂದೇ ನಂಬಿದ್ದೇನೆ. ಆದರೂ ಸಂಜೆ ಶಾಲೆ ಬಿಟ್ಟು ಬೀದಿಯಲ್ಲಿ ಮಕ್ಕಳ ಸದ್ದು ಕೇಳಿದರೆ, ಮಾಡುತ್ತಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬಂದುಬಿಟ್ಟಿರುತ್ತೇನೆ.