ಹುಲ್ಲಿನ ಮಿಷನ್ನಿನ ಪರೀಕ್ಷಕರು
ನನ್ನ ಅಂಗಡಿಯಲ್ಲಿ ಎಲ್ಲರೂ ಅವರನ್ನು ಪರೀಕ್ಷಕರು ಅಂತಲೇ ಕರೆಯುವುದು; ಅಂಗಳದ ಹುಲ್ಲು ಕತ್ತರಿಸುವ ಮಿಷನ್ ಕೊಳ್ಳಲು ನಾಲ್ಕು ವರ್ಷದಿಂದ ಪ್ರತಿ ಶನಿವಾರ ತಪ್ಪದೆ ಬರುತ್ತಿದ್ದಾರೆ, ಇನ್ನೂ ಕೊಂಡಿಲ್ಲ. ಬಂದವರೇ ಅಂಗಿಯ ತೋಳು ಮಡಚಿ, ಮಿಷನ್ನನ್ನು ಬುಡಮೇಲು ಮಾಡಿ, ಡಾಕ್ಟರು ಮಗುವಿನ ಗಂಟಲು ನೋಡುವ ಹಾಗೆ ಬ್ಲೇಡನ್ನು ಬಗ್ಗಿ ನೋಡುತ್ತಾರೆ. "ಪೆಟ್ರೋಲಿಂದು ಮುಂಗೋಪಿ, ಕರೆಂಟಿಂದು ವೈರು ಬಿಟ್ಟು ಕದಲಲ್ಲ, ಬ್ಯಾಟರೀದು ಅರ್ಧ ಕೆಲಸಕ್ಕೇ ಮಲಗುತ್ತೆ" ಎಂದು ಒಂದೊಂದರ ಜಾತಕವನ್ನೂ ಜಾಲಾಡುತ್ತಾರೆ. ಅವರ ಮಾತು ಕೇಳಿ ಬೇರೆ ಗಿರಾಕಿಗಳು ಒಯ್ದ ಮಿಷನ್ನುಗಳಲ್ಲಿ ಇವತ್ತಿಗೂ ಒಂದೂ ಕೆಟ್ಟಿಲ್ಲ. ಕೊನೆಯ ಪ್ರಶ್ನೆ ಮಾತ್ರ ಯಾವಾಗಲೂ ಒಂದೇ: "ಇದು ಓಡ್ತಿರುವಾಗ ಪಕ್ಕದಲ್ಲಿರೋರ ಮಾತು ಕೇಳಿಸುತ್ತೇನಪ್ಪಾ?" ಇಲ್ಲ ಅಂದರೆ ಸಾಕು, ತೋಳು ಇಳಿಸಿಕೊಂಡು ಹೊರಡುತ್ತಾರೆ. ಹೋದ ಶನಿವಾರ ಅವರು ಹಾಗೇ ಹೊರಟ ಮೇಲೆ ನನಗೆ ತಾಳ್ಮೆ ಕೆಟ್ಟು, ಇದ್ದುದರಲ್ಲೇ ಸದ್ದು ಕಡಿಮೆಯಿರುವ ಮಿಷನ್ನನ್ನು ವ್ಯಾನಿಗೆ ಹಾಕಿಕೊಂಡು ಅವರ ಮನೆಗೇ ಹೋದೆ. ಗೇಟಿನ ಒಳಗೆ ಗಂಡ ಹೆಂಡತಿ ಇಬ್ಬರೂ ಪುಟ್ಟ ಸ್ಟೂಲುಗಳ ಮೇಲೆ ಎದುರುಬದುರು ಕೂತು, ಕತ್ತರಿಯಲ್ಲಿ ಹುಲ್ಲು ಕತ್ತರಿಸುತ್ತಾ ಹರಟುತ್ತಿದ್ದರು. "ಏನೂಂದ್ರೆ, ಮಿಷನ್ ಸಿಕ್ತಾ?" ಎಂದರು ಆಕೆ. "ಇನ್ನೂ ಒಳ್ಳೇದು ಬರಬೇಕು ಕಣೆ." "ಬರ್ಲಿ ಬಿಡಿ, ಏನವಸರ" ಎಂದು ಆಕೆ ಸ್ಟೂಲನ್ನು ಅವರ ಹತ್ತಿರಕ್ಕೆ ಎಳೆದುಕೊಂಡರು. ನಾನು ಗೇಟಿನಿಂದಲೇ ಸದ್ದಿಲ್ಲದೆ ವಾಪಸಾದೆ. ಈ ಶನಿವಾರ ಅವರು ಮೆಟ್ಟಿಲು ಹತ್ತುವಾಗಲೇ ಹೇಳಿದೆ: "ಯಜಮಾನ್ರೇ, ಹೊಸದೊಂದು ಬಂದಿದೆ, ವಿಪರೀತ ಸದ್ದು." "ಹೌದಾ?" ಎಂದವರೇ ಖುಷಿಯಿಂದ ತೋಳು ಮಡಚಿದರು.